ಕಡಲ ಗಾಳಿಯಂತ್ರದ ಕಾಲು ಸಡಿಲವಾಗಿದೆಯಾ? ಉಕ್ಕಿನ ಅಡಿಪಾಯದ ದೋಷ ಹುಡುಕುವ ಬಗೆ

ಕಡಲಲ್ಲಿ ನಿಂತ ಗಾಳಿಯಂತ್ರದ ಅಡಿಪಾಯ ಕೆಟ್ಟರೆ ಅದು ಕಣ್ಣಿಗೆ ಕಾಣುವುದು ಅಪರೂಪ. ಅದರ ಬಹುಪಾಲು ನೀರಿನಲ್ಲೋ ಮಣ್ಣಿನಲ್ಲೋ ಮುಳುಗಿರುತ್ತದೆ. ನಮ್ಮ ಕೈಗೆ ಬರುವುದು ದೂರುಗಳು ಮಾತ್ರ. "ಗೋಪುರ ಮೊದಲಿಗಿಂತ ಜಾಸ್ತಿ ತೂಗಾಡುತ್ತಿದೆ." "ಒಳಗೆ ಏನೋ ಟಕ್ ಟಕ್ ಅಂತಿದೆ." "ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ." "ಕಂಪನದ ಗ್ರಾಫ್ ಇಳಿದಿದೆ." ಇವುಗಳ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆ ಇರಬಹುದು. ಒಂದೂ ಇಲ್ಲದೆಯೂ ಇರಬಹುದು.

ಇಲ್ಲಿ ಮುಖ್ಯವಾಗಿ ಮೊನೊಪೈಲ್ ಬಗ್ಗೆ ಬರೆಯುತ್ತೇನೆ. ಕಡಲ ತಳಕ್ಕೆ ಸುತ್ತಿಗೆಯಿಂದ ಬಡಿದು ಇಳಿಸಿದ ಒಂದೇ ಒಂದು ದೊಡ್ಡ ಉಕ್ಕಿನ ಕೊಳವೆ ಅದು. ಅದರ ತಲೆಯ ಮೇಲೆ ಟೋಪಿಯ ಹಾಗೆ ಕೂರುವ ಇನ್ನೊಂದು ಕೊಳವೆಯೇ ಟ್ರಾನ್ಸಿಷನ್ ಪೀಸ್. ನಾವೆಲ್ಲ ಟಿಪಿ ಅನ್ನುತ್ತೇವೆ. ಅದರ ಮೇಲೆ ಗೋಪುರ. ಡೆನ್ಮಾರ್ಕಿನ ಹಾರ್ನ್ಸ್ ರೆವ್‌ನಲ್ಲಿ 2002ರಲ್ಲಿ 80 ಯಂತ್ರ ನಿಲ್ಲಿಸಿದಾಗ ಕೊಳವೆಯ ಅಗಲ 4 ಮೀಟರ್ ಇತ್ತು. ಈಗಿನವು 10 ಮೀಟರ್ ದಾಟಿವೆ. ಗಾತ್ರ ಬೆಳೆದರೂ ಕಾಯಿಲೆಗಳು ಹೆಚ್ಚು ಕಡಿಮೆ ಅವೇ.

ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಅಳತೆಯ ಸಾಧನ, ಆಮೇಲೆ ನೀರಿನ ಮೇಲಿನ ಉಕ್ಕು, ಆಮೇಲೆ ಕೊಳವೆಯ ಒಳಗು, ಕೊನೆಗೆ ನೀರಿನ ಕೆಳಗೆ. ಕಾರಣ ಸರಳ. ಮೊದಲನೆಯದಕ್ಕೆ ಕುರ್ಚಿ ಬಿಟ್ಟು ಏಳುವುದೂ ಬೇಡ. ಕೊನೆಯದಕ್ಕೆ ಹಡಗು ಬೇಕು, ಡೈವರ್ ಅಥವಾ ರೋಬೋಟ್ ಬೇಕು, ಕಡಲು ಸುಮ್ಮನಿರುವ ದಿನವೂ ಬೇಕು.

ಮೊದಲು ಅಳೆಯುವ ಪೆಟ್ಟಿಗೆಯನ್ನೇ ಅನುಮಾನಿಸಿ

ಪ್ರತಿ ಗೋಪುರಕ್ಕೂ ತನ್ನದೇ ತೂಗಾಟದ ಲಯ ಇರುತ್ತದೆ. ಅದೇ ಫ್ರೀಕ್ವೆನ್ಸಿ. ಮೊನೊಪೈಲ್ ಮೇಲಿನ ಯಂತ್ರಕ್ಕೆ ಸುಮಾರು 0.3 ಹರ್ಟ್ಜ್ ಅಂದುಕೊಳ್ಳಿ. ಅಂದರೆ ಒಂದು ಸಲ ಹೋಗಿ ಬರಲು 3.3 ಸೆಕೆಂಡ್. ರೋಟರ್, ಅಂದರೆ ಬ್ಲೇಡುಗಳ ಚಕ್ರ, ನಿಮಿಷಕ್ಕೆ 12 ಸುತ್ತು ತಿರುಗಿದರೆ ಅದರ ತಳ್ಳು 0.2 ಹರ್ಟ್ಜ್. ಇದು 1ಪಿ. ಬ್ಲೇಡು ಮೂರು ಇರುವುದರಿಂದ ಇನ್ನೊಂದು ತಳ್ಳು 0.6 ಹರ್ಟ್ಜ್‌ನಲ್ಲಿ ಬರುತ್ತದೆ. ಅದು 3ಪಿ. ಗೋಪುರದ ಲಯವನ್ನು ಇವೆರಡರ ನಡುವಿನ ಜಾಗದಲ್ಲಿ ಕೂರಿಸಿರುತ್ತಾರೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಏನಾಗುತ್ತದೆ ಗೊತ್ತಲ್ವಾ, ಅದನ್ನು ತಪ್ಪಿಸಲು ಈ ಏರ್ಪಾಡು. ಲಯ ಇಳಿದರೆ 1ಪಿ ಹತ್ತಿರ ಬರುತ್ತದೆ, ಅಲೆಗಳ ಲಯಕ್ಕೂ ಹತ್ತಿರವಾಗುತ್ತದೆ. ಅದಕ್ಕೇ ಗ್ರಾಫ್ ಇಳಿದ ಕೂಡಲೇ ಎಲ್ಲರಿಗೂ ಗಾಬರಿ.

ನಾನೂ ಗಾಬರಿ ಬಿದ್ದಿದ್ದೇನೆ. ಒಮ್ಮೆ ಒಂದು ಯಂತ್ರದ ಫ್ರೀಕ್ವೆನ್ಸಿ 0.31ರಿಂದ 0.29ಕ್ಕೆ ಬಿದ್ದಿತ್ತು. ಮೂರು ವಾರ ಮರಳು, ಗ್ರೌಟ್ (ಕೊಳವೆಗಳ ಸಂದಿ ತುಂಬುವ ಸಿಮೆಂಟ್ ಗಾರೆ) ಅಂತ ತಲೆ ಕೆಡಿಸಿಕೊಂಡೆವು. ಸದ್ದಿನ ಅಲೆಯಿಂದ ಕಡಲ ತಳದ ಚಿತ್ರ ತೆಗೆಯುವ ಸೋನಾರ್ ಹಡಗಿಗೂ ಹೇಳಿಯಾಗಿತ್ತು. ಕೊನೆಗೆ ನೋಡಿದರೆ, ಹೊಸದಾಗಿ ಹಾಕಿದ ಲಾಗರ್ (ಅಳತೆ ದಾಖಲಿಸುವ ಪೆಟ್ಟಿಗೆ) ಸೆಕೆಂಡಿಗೆ 16 ಸಲ ಅಳೆಯುತ್ತಿತ್ತು. ನನ್ನ ಲೆಕ್ಕದ ಹಾಳೆಯಲ್ಲಿ ಹಳೆಯ ಪೆಟ್ಟಿಗೆಯ 15 ಹಾಗೇ ಕೂತಿತ್ತು. 0.31ನ್ನು 15ರಿಂದ ಗುಣಿಸಿ 16ರಿಂದ ಭಾಗಿಸಿ ನೋಡಿ. 0.29 ಬರುತ್ತದೆ.

ಇದನ್ನು ಹಿಡಿಯಲು ಐದು ನಿಮಿಷ ಸಾಕಿತ್ತು. ಅದೇ ಗ್ರಾಫಿನಲ್ಲಿ 3ಪಿ ಶಿಖರವೂ ಇರುತ್ತದೆ. ರೋಟರ್ ವೇಗ ಕಂಟ್ರೋಲ್ ಸಿಸ್ಟಂನಲ್ಲಿ ಬೇರೆಯಾಗಿ ದಾಖಲಾಗಿರುತ್ತದೆ. 12 ಸುತ್ತಿಗೆ ಶಿಖರ 0.60ರಲ್ಲಿ ಬರಬೇಕು. ನಮ್ಮದು 0.56ರಲ್ಲಿತ್ತು. ಬ್ಲೇಡು ನಿಧಾನವಾಗಿದ್ದಕ್ಕೆ ಕಡಲ ಮರಳು ಕಾರಣ ಅಲ್ವಲ್ಲ! ಎರಡೂ ಶಿಖರ ಒಂದೇ ಪ್ರಮಾಣದಲ್ಲಿ ಜರುಗಿದ್ದರೆ ತಪ್ಪು ಗಡಿಯಾರದ್ದು. ಗೋಪುರದ್ದು ಮಾತ್ರ ಜರುಗಿ 3ಪಿ ತನ್ನ ಜಾಗದಲ್ಲೇ ಇದ್ದರೆ ಮುಂದೆ ಓದಿ.

ಹೋಲಿಸುವ ಮುನ್ನ

ಹತ್ತು ನಿಮಿಷದ ಅಳತೆಯಲ್ಲಿ 0.0017 ಹರ್ಟ್ಜ್‌ಗಿಂತ ಸಣ್ಣ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದಿಲ್ಲ. 0.3ರ ಲೆಕ್ಕದಲ್ಲಿ ಅದು ಅರ್ಧ ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಒಂದೆರಡು ಅಳತೆ ನೋಡಿ ತೀರ್ಮಾನ ಬೇಡ, ನೂರಾರು ತೆಗೆದುಕೊಳ್ಳಿ. ರೋಟರ್ ನಿಂತಾಗಿನದನ್ನು ನಿಂತಾಗಿನದರ ಜೊತೆಗೇ ಇಡಿ. ಉಬ್ಬರದ ಹೊತ್ತಿನದನ್ನು ಉಬ್ಬರದ ಹೊತ್ತಿನದಕ್ಕೇ ಹೋಲಿಸಿ. ಕೊಳವೆಯ ಜೊತೆ ಸುತ್ತಲಿನ ನೀರೂ ಅಲುಗುವುದರಿಂದ ನೀರಿನ ಮಟ್ಟ ಏರಿದಾಗ ಲಯ ಸ್ವಲ್ಪ ತಗ್ಗುತ್ತದೆ. ಬಿರುಗಾಳಿಯಲ್ಲಿ ತೂಗಾಟ ದೊಡ್ಡದಾದರೆ ಮಣ್ಣು ಮೆತ್ತಗೆ ವರ್ತಿಸುತ್ತದೆ, ಆಗಲೂ ಲಯ ತಗ್ಗುತ್ತದೆ, ಗಾಳಿ ನಿಂತ ಮೇಲೆ ಮರಳುತ್ತದೆ. ಇದು ದೋಷವಲ್ಲ, ಮಣ್ಣಿನ ಗುಣ.

ಇನ್ನೊಂದು ಸುಲಭದ ಪ್ರಶ್ನೆ: ಪಕ್ಕದ ಯಂತ್ರಗಳದ್ದೂ ಇಳಿದಿದೆಯಾ? ಎಲ್ಲವೂ ಒಂದೇ ದಿನ ಇಳಿದಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಯಾವತ್ತು ಆಯಿತು ಅಂತ ಕೇಳಿ. ಒಂದೇ ಒಂದು ಇಳಿದಿದ್ದರೆ ಆ ಯಂತ್ರದ ಕೆಳಗೆ ಏನೋ ಆಗಿದೆ.

ವಿನ್ಯಾಸದ ಲೆಕ್ಕದ ಜೊತೆ ಹೋಲಿಸುವ ತಪ್ಪನ್ನಂತೂ ಮಾಡಲೇಬೇಡಿ. ಹಳೆಯ ಲೆಕ್ಕಗಳು ಸಣ್ಣ ಅಗಲದ ಪೈಲುಗಳ ಅನುಭವದಿಂದ ಬಂದವು. ದಪ್ಪ ಕೊಳವೆಗಳಿಗೆ ಮಣ್ಣು ಕೊಡುವ ಆಸರೆಯನ್ನು ಅವು ಕಡಿಮೆ ಅಂದಾಜು ಮಾಡಿದ್ದವು. ಇಂಗ್ಲೆಂಡಿನ ಕೌಡೆನ್ ಮತ್ತು ಫ್ರಾನ್ಸಿನ ಡಂಕರ್ಕ್‌ನಲ್ಲಿ ಪೀಸಾ ಎಂಬ ಸಂಶೋಧನಾ ಯೋಜನೆಯವರು ನೆಲಕ್ಕೆ ಪೈಲು ಇಳಿಸಿ, ಎಳೆದು ನೋಡಿ ಹೊಸ ಲೆಕ್ಕ ಕೊಟ್ಟಿದ್ದು ಇದೇ ಕಾರಣಕ್ಕೆ. ನಿಮ್ಮ ಯಂತ್ರ ಮೊದಲ ದಿನವೇ 0.32ರಲ್ಲಿದ್ದು ಕಾಗದದಲ್ಲಿ 0.29 ಅಂತಿದ್ದರೆ, ಈಗ 0.30ಕ್ಕೆ ಇಳಿದಾಗ "ಕಾಗದಕ್ಕಿಂತ ಚೆನ್ನಾಗೇ ಇದೆ" ಅಂತ ಯಾರೋ ಹೇಳುತ್ತಾರೆ. ನಂಬಬೇಡಿ. ಅದು 6 ಪರ್ಸೆಂಟ್ ಕಳೆದುಕೊಂಡಿದೆ.

ಫ್ರೀಕ್ವೆನ್ಸಿ ಬಿಗಿತದ ವರ್ಗಮೂಲದ ಜೊತೆ ಹೋಗುತ್ತದೆ. ಅದು 4 ಪರ್ಸೆಂಟ್ ಇಳಿದರೆ ಬಿಗಿತ ಸುಮಾರು 8 ಪರ್ಸೆಂಟ್ ಇಳಿದ ಹಾಗೆ. ಈ ಬಿಗಿತದಲ್ಲಿ ಗೋಪುರದ ಪಾಲೂ ಸೇರಿದೆ, ಗೋಪುರಕ್ಕೆ ಏನೂ ಆಗಿಲ್ಲ. ಅಂದಮೇಲೆ ತಳದಲ್ಲಿ ಕಳೆದದ್ದು 8ಕ್ಕಿಂತ ಎಷ್ಟೋ ಜಾಸ್ತಿ.

ಮರಳು ಕೊಚ್ಚಿಹೋದಾಗ

ಲಯ ನಿಜಕ್ಕೂ ಇಳಿದಿದ್ದರೆ ನನ್ನ ಮೊದಲ ಅನುಮಾನ ಮರಳಿನ ಮೇಲೆ. ಕೊಳವೆಗೆ ಬಡಿದ ಹರಿವು ಬುಡದಲ್ಲಿ ಸುಳಿಯಾಗಿ ಮರಳನ್ನು ಕೆದಕುತ್ತದೆ. ತಡೆಯಿಲ್ಲದ ಸಡಿಲ ಮರಳಿನಲ್ಲಿ ಗುಂಡಿಯ ಆಳ ಕೊಳವೆಯ ಅಗಲದ 1.3 ಪಟ್ಟು ಅಂತ ವಿನ್ಯಾಸದವರು ಹಿಡಿಯುತ್ತಾರೆ. 6 ಮೀಟರ್ ಕೊಳವೆಗೆ ಅದು 8 ಮೀಟರಿನಷ್ಟು. ಕಾಲು ಅಷ್ಟು ಉದ್ದವಾದ ಹಾಗೇ ಆಯಿತು.

ಸೋನಾರ್ ಬರುವವರೆಗೆ ಕಾಯಬೇಕಿಲ್ಲ. ವೇದಿಕೆಯಿಂದ ಗುರುತು ಹಾಕಿದ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನಾಲ್ಕು ದಿಕ್ಕಿಗೆ ಇಳಿಸಿ. ನೀರಿನ ಹರಿವು ನಿಂತು ತಿರುಗುವ ಹೊತ್ತಿನಲ್ಲಿ ಮಾಡಿ, ಇಲ್ಲದಿದ್ದರೆ ಹಗ್ಗ ಓರೆಯಾಗಿ ಆಳ ಸುಳ್ಳು ಹೇಳುತ್ತದೆ. ಒರಟು ಅಳತೆಯೇ ಆದರೂ 3 ಮೀಟರ್ ಗುಂಡಿ ಇದ್ದರೆ ತಪ್ಪಿಸಿಕೊಳ್ಳುವುದಿಲ್ಲ.

ಒಂದು ಮೋಸ ಇದೆ. ಬಿರುಗಾಳಿಯಲ್ಲಿ ತೋಡಿಹೋದ ಗುಂಡಿಗೆ ಗಾಳಿ ನಿಂತ ಮೇಲೆ ಸಡಿಲ ಮರಳು ಬಂದು ತುಂಬಬಹುದು. ಹಡಗು ಬರುವುದು ಹೇಗೂ ಕಡಲು ತಣ್ಣಗಿರುವಾಗ. ಸೋನಾರ್ ಚಿತ್ರದಲ್ಲಿ ನೆಲ ಸಮತಟ್ಟು. ಆದರೆ ತುಂಬಿದ ಮರಳಿಗೆ ಹಳೆಯ ಮರಳಿನ ಗಟ್ಟಿತನ ಇಲ್ಲ, ಫ್ರೀಕ್ವೆನ್ಸಿ ಏರುವುದಿಲ್ಲ. ಚಿತ್ರಕ್ಕೂ ಗ್ರಾಫಿಗೂ ಜಗಳ ಬಂದರೆ ನಾನು ಗ್ರಾಫಿನ ಪರ.

ಬುಡದ ಸುತ್ತ ಕಲ್ಲಿನ ರಕ್ಷಣೆ ಹಾಕಿದ್ದರೆ ಅದರ ಅಂಚು ನೋಡಿ. ಕಲ್ಲಿನ ಹಾಸಿಗೆ ನಡುವೆ ಚೆನ್ನಾಗಿದ್ದು ಅಂಚಿನಲ್ಲಿ ಕುಸಿದಿರುತ್ತದೆ. ಕೇಬಲ್ ಅಲ್ಲೇ ಹೊರಗೆ ಹೋಗುವುದು. ಅದು ಕಲ್ಲಿನ ಮೇಲೆ ಜೋತುಬಿದ್ದು ಅಲೆಗೆ ಉಜ್ಜಿಕೊಳ್ಳುತ್ತಿದ್ದರೆ, ಕಾಲಿಗಿಂತ ಮೊದಲು ಕೇಬಲ್ ಹೋಗುತ್ತದೆ.

ಟಕ್ ಟಕ್ ಸದ್ದು: ಟೋಪಿ ಜಾರುತ್ತಿದೆಯಾ?

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹಳೆಯ ವಿನ್ಯಾಸದಲ್ಲಿ ಟಿಪಿ ಮತ್ತು ಪೈಲಿನ ನಡುವಿನ ಸಂದಿಗೆ ಗ್ರೌಟ್ ಸುರಿಯುತ್ತಿದ್ದರು. ಎರಡೂ ನುಣುಪಾದ ನೇರ ಕೊಳವೆಗಳು. ನೂರಾರು ಟನ್ ತೂಕ ಗ್ರೌಟ್ ಉಕ್ಕಿಗೆ ಅಂಟಿಕೊಂಡ ಹಿಡಿತದಲ್ಲೇ ನಿಲ್ಲಬೇಕು. 2009-10ರ ಹೊತ್ತಿಗೆ ಉತ್ತರ ಸಮುದ್ರದಲ್ಲಿ ಒಂದಾದ ಮೇಲೊಂದು ಟಿಪಿ ಕೆಳಕ್ಕೆ ಜಾರುತ್ತಿರುವುದು ಗೊತ್ತಾಯಿತು. ಒಂದೆರಡಲ್ಲ, ನೂರಾರು. ಗಾಳಿ ಗೋಪುರವನ್ನು ಬಗ್ಗಿಸಿದಾಗ ದೊಡ್ಡ ಕೊಳವೆ ಕೊಂಚ ಮೊಟ್ಟೆಯಾಕಾರ ತಾಳುತ್ತದೆ. ಗ್ರೌಟಿನ ಅಂಟು ಒಂದು ಕಡೆ ಬಿಡುತ್ತದೆ. ಮುಂದಿನ ಅಲೆಗೆ ಇನ್ನೊಂದು ಕಡೆ. ಸಣ್ಣ ಕೊಳವೆಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಕಂಡ ಹಿಡಿತ ದೊಡ್ಡದರಲ್ಲಿ ಸಿಗಲಿಲ್ಲ. ಇಂಥ ರಚನೆಗಳಿಗೆ ವಿನ್ಯಾಸದ ನಿಯಮ ಬರೆಯುವ ಡಿಎನ್‌ವಿ ಸಂಸ್ಥೆ 2011ರಲ್ಲಿ ತನ್ನ ನಿಯಮ ಬದಲಿಸಿತು. ಆಮೇಲೆ ಕೊಳವೆಯನ್ನು ಕೊಂಚ ಶಂಕುವಿನ ಆಕಾರಕ್ಕೆ ತಂದರು, ಇಲ್ಲವೇ ಮೈಗೆ ಬೆಸುಗೆಯ ಉಂಗುರ ಹಾಕಿದರು.

ನಿಮ್ಮದು ಅದಕ್ಕಿಂತ ಹಿಂದಿನ ಯಂತ್ರವಾಗಿದ್ದರೆ ಹೀಗೆ ಪರೀಕ್ಷಿಸಿ. ಟಿಪಿಯ ಒಳವೇದಿಕೆಗೆ ಇಳಿಯಿರಿ. ಪೈಲಿನ ಮೇಲಂಚು ಕಾಣುತ್ತದೆ. ಅದರ ಮೇಲೆ, ಟಿಪಿಯ ಒಳಗೋಡೆಗೆ ಬೆಸೆದ ಬ್ರಾಕೆಟ್‌ಗಳು ಚಾಚಿಕೊಂಡಿರುತ್ತವೆ. ಕೂರಿಸುವಾಗ ಜ್ಯಾಕ್ ಇಟ್ಟಿದ್ದು ಇವುಗಳ ಕೆಳಗೇ. ಗ್ರೌಟ್ ಗಟ್ಟಿಯಾದ ಮೇಲೆ ಜ್ಯಾಕ್ ತೆಗೆದಿರುತ್ತಾರೆ, ಹಾಗಾಗಿ ಬ್ರಾಕೆಟ್ಟಿಗೂ ಪೈಲಿಗೂ ನಡುವೆ ಸಂದಿ ಇರಬೇಕು. ಉಕ್ಕಿನ ಸ್ಕೇಲ್ ತೆಗೆದು ಪ್ರತಿ ಬ್ರಾಕೆಟ್ಟಿನ ಕೆಳಗೂ ಅಳೆಯಿರಿ. ಕಟ್ಟಿದಾಗಿನ ದಾಖಲೆಯಲ್ಲಿ 30 ಮಿಲಿಮೀಟರ್ ಇದ್ದು ಈಗ 8 ಇದ್ದರೆ 22 ಜಾರಿದೆ. ಒಂದು ಕಡೆ 15, ಎದುರು ಕಡೆ 2 ಇದ್ದರೆ ಜಾರುವುದರ ಜೊತೆಗೆ ವಾಲಿದೆ. ಸೊನ್ನೆ ಆಗಿದ್ದರೆ ಗೋಪುರದ ತೂಕ ಈಗ ಆ ಬ್ರಾಕೆಟ್ಟಿನ ಮೇಲೆ ಕೂತಿದೆ. ಅದಕ್ಕಾಗಿ ಮಾಡಿದ್ದಲ್ಲ ಅದು. ಬೆಸುಗೆಯ ಬುಡಕ್ಕೆ ಬಣ್ಣ ಕೆರೆದು ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ (ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವುದು) ಮಾಡಿಸಿ, ಬಿರುಕು ಅಲ್ಲೇ ಶುರುವಾಗುವುದು. ಟಕ್ ಟಕ್ ಅನ್ನುವುದೂ ಸಾಮಾನ್ಯವಾಗಿ ಇದೇ. ಬ್ರಾಕೆಟ್ ತಾಗಿ, ಬಿಟ್ಟು, ಮತ್ತೆ ತಾಗುವ ಸದ್ದು.

ಪೈಲಿನ ಅಂಚಿನ ಸುತ್ತ ಬೂದು ಬಣ್ಣದ ಪುಡಿ ಇದೆಯಾ ನೋಡಿ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ನುಣ್ಣಗಿದ್ದರೆ ಗ್ರೌಟ್ ಸವೆಯುತ್ತಿದೆ. ಆದರೆ ಕಟ್ಟುವಾಗ ಚೆಲ್ಲಿದ ಗ್ರೌಟೂ ಅಲ್ಲೇ ಬಿದ್ದಿರುತ್ತದೆ. ಅದು ಗಟ್ಟಿ, ಉಗುರಿಗೆ ಬರುವುದಿಲ್ಲ. ಅನುಮಾನ ಇದ್ದರೆ ಒಂದು ಅಡಿ ಜಾಗವನ್ನು ಒರೆಸಿ, ಫೋಟೋ ತೆಗೆದು, ಒಂದು ಬಿರುಗಾಳಿ ಕಳೆದ ಮೇಲೆ ಮತ್ತೆ ಬನ್ನಿ.

ಇಲ್ಲಿ ಫ್ರೀಕ್ವೆನ್ಸಿ ಗ್ರಾಫ್ ನಂಬಿ ಕೂರಬೇಡಿ. ಟಿಪಿ ಜಾರುತ್ತಿದ್ದರೂ ಬಗ್ಗುವ ಬಲ ಗ್ರೌಟಿನ ಒತ್ತಡದ ಮೂಲಕ ಪೈಲಿಗೆ ದಾಟುತ್ತಲೇ ಇರುತ್ತದೆ. ಲಯ ಹೆಚ್ಚೇನೂ ಬದಲಾಗದೆ ಇರಬಹುದು. ಪರಿಹಾರವಾಗಿ ಬ್ರಾಕೆಟ್ ಮತ್ತು ಪೈಲಿನ ನಡುವೆ ರಬ್ಬರು-ಉಕ್ಕಿನ ಬೇರಿಂಗ್ ಕೂರಿಸಿ ತೂಕವನ್ನು ಅವಕ್ಕೆ ಒಪ್ಪಿಸುತ್ತಾರೆ. ಬ್ರಾಕೆಟ್ಟಿನ ಬಲ ಸಾಲದಿದ್ದರೆ ಹೊಸದನ್ನು ಬೆಸೆಯಬೇಕಾಗುತ್ತದೆ.

ಗ್ರೌಟ್ ಬದಲು ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಅಂಚಿನ ಬಳೆ) ಇರುವ ಹೊಸ ಯಂತ್ರದಲ್ಲಿ ಸದ್ದು ಬಂದರೆ ಬೋಲ್ಟುಗಳ ಬಿಗಿತ ಅಳೆಯಿರಿ. ಎಂ72 ಗಾತ್ರದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗುತ್ತಾ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ಬೋಲ್ಟ್ ಎಷ್ಟು ಉದ್ದವಾಗಿದೆ ಅಂತ ನೋಡಬೇಕು.

ವಾಲಿದೆ ಅಂದರೆ ನಿಜಕ್ಕೂ ವಾಲಿದೆಯಾ

ಸಾಮಾನ್ಯವಾಗಿ ಒಟ್ಟು 0.5 ಡಿಗ್ರಿ ವಾಲಿಕೆಯವರೆಗೆ ಒಪ್ಪುತ್ತಾರೆ, ಅದರಲ್ಲಿ ಅರ್ಧ ಕೂರಿಸುವಾಗಿನ ತಪ್ಪಿಗೆ. 0.25 ಡಿಗ್ರಿ ಅಂದರೆ 80 ಮೀಟರ್ ಎತ್ತರದಲ್ಲಿ 35 ಸೆಂಟಿಮೀಟರ್. ಇಷ್ಟು ಸಣ್ಣ ಕೋನವನ್ನು ಬಿಸಿಲೂ ಕೆಡಿಸುತ್ತದೆ. ಬಿಸಿಲು ಬಿದ್ದ ಬದಿ ಹಿಗ್ಗಿ ಗೋಪುರ ನೆರಳಿನ ಕಡೆ ಬಾಗುತ್ತದೆ. ಗೋಪುರದ ತುದಿಯ ಯಂತ್ರದ ಕೋಣೆ, ಅಂದರೆ ನಸೆಲ್ಲಿನ ತೂಕವೂ ಸರಿಯಾಗಿ ನಡುವೆ ಇರುವುದಿಲ್ಲ, ಅದು ಯಾವ ಕಡೆ ಮುಖ ಮಾಡಿದೆಯೋ ಅದಕ್ಕೆ ತಕ್ಕಂತೆ ಗೋಪುರ ಬಾಗುತ್ತದೆ. ಗಾಳಿ ಇಲ್ಲದ ರಾತ್ರಿ ನಸೆಲ್ಲನ್ನು ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ, ಟಿಲ್ಟ್ ಮೀಟರಿನ ಅಂಕಿಗಳನ್ನು ಹಾಳೆಯ ಮೇಲೆ ಗುರುತಿಸಿ. ಒಂದು ವೃತ್ತ ಮೂಡುತ್ತದೆ. ಅದರ ನಡುವಿನ ಬಿಂದುವೇ ನಿಜವಾದ ವಾಲಿಕೆ. ಮೀಟರೂ ಓರೆಯಾಗಿ ಕೂತಿರಬಹುದು. ಆದ್ದರಿಂದ ಮೊದಲ ವರ್ಷದ ವೃತ್ತ ಇದ್ದರೆ ಅದರ ಪಕ್ಕದಲ್ಲಿಟ್ಟು ನೋಡಿ.

ಜಾಕೆಟ್ ಆಗಿದ್ದರೆ

ಜಾಲರಿ ಕಾಲಿನ ಜಾಕೆಟ್‌ಗಳಲ್ಲಿ ಒಂದು ಕೊಳವೆ ಸೀಳಿದರೂ ಮೊದಲ ಲಯ ಅಷ್ಟಾಗಿ ಬದಲಾಗುವುದಿಲ್ಲ, ಭಾರ ಬೇರೆ ದಾರಿ ಹಿಡಿಯುತ್ತದೆ. ಗಾಳಿ ತುಂಬಿ ಮುಚ್ಚಿದ ಅಡ್ಡಕೊಳವೆಗಳಲ್ಲಿ ನೀರು ಹೊಕ್ಕಿದೆಯಾ ಅಂತ ಅಲ್ಟ್ರಾಸೌಂಡ್‌ನಿಂದ ನೋಡಿಸಿ. ನೀರು ಇದೆ ಅಂದರೆ ಬಿರುಕು ಗೋಡೆ ದಾಟಿದೆ.

ಕೊಳೆತ ಮೊಟ್ಟೆ ವಾಸನೆ

ಇಲ್ಲಿ ಮೊದಲು ನಿಮ್ಮ ಜೀವ, ಆಮೇಲೆ ಉಕ್ಕು. ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಪ್ರಮಾಣ ಜಾಸ್ತಿಯಾದಾಗ ಮೂಗೇ ಮರಗಟ್ಟಿ ವಾಸನೆ ಬರುವುದು ನಿಲ್ಲುತ್ತದೆ. "ಈಗ ಕಡಿಮೆಯಾಯ್ತು" ಅಂತ ಇಳಿದವರು ಮೇಲೆ ಬರುವುದಿಲ್ಲ. ಗ್ಯಾಸ್ ಮೀಟರನ್ನು ಹಗ್ಗ ಕಟ್ಟಿ ಮೊದಲು ಇಳಿಸಿ. ಆಮ್ಲಜನಕ 20.9 ಪರ್ಸೆಂಟ್ ಇರಬೇಕು. 19.5ಕ್ಕಿಂತ ಕಡಿಮೆ ಇದ್ದರೆ ಯಾರೂ ಇಳಿಯಬಾರದು. ತುಕ್ಕು ಹಿಡಿಯುವ ಉಕ್ಕು ಮುಚ್ಚಿದ ಜಾಗದ ಆಮ್ಲಜನಕವನ್ನು ತಾನೇ ತಿಂದುಹಾಕುತ್ತದೆ.

ಹಳೆಯ ನಂಬಿಕೆ ಏನಿತ್ತು ಅಂದರೆ, ಕೊಳವೆಯ ಒಳಗು ಗಾಳಿಯಾಡದಂತೆ ಮುಚ್ಚಿದೆ, ಇದ್ದ ಆಮ್ಲಜನಕ ಮುಗಿದ ಮೇಲೆ ತುಕ್ಕು ತಾನಾಗೇ ನಿಲ್ಲುತ್ತದೆ, ರಕ್ಷಣೆ ಬೇಡ. ಆದರೆ ಕೇಬಲ್ ಒಳಬರುವ ತೂತಿನ ಸೀಲ್ ಸೋರುತ್ತದೆ. ಉಬ್ಬರ ಇಳಿತದ ಜೊತೆ ಹೊಸ ನೀರು, ಹೊಸ ಆಮ್ಲಜನಕ ಬರುತ್ತಲೇ ಇರುತ್ತದೆ. ಇದನ್ನು ತಿಳಿಯಲು ಒಳಗಿನ ನೀರಿಗೆ ಒಂದು ತೇಲುಗುಂಡು ಬಿಟ್ಟು ಆರು ತಾಸು ಅದರ ಮಟ್ಟ ಬರೆದಿಡಿ. ಹೊರಗಿನ ಕಡಲ ಜೊತೆ ಅದೂ ಏರಿ ಇಳಿದರೆ ಸೀಲ್ ಹೋಗಿದೆ.

ಗೋಡೆಯ ಮೇಲಿನ ಕಿತ್ತಳೆ ಗಂಟನ್ನು ಒಡೆದು ನೋಡಿ. ಕೆಳಗೆ ಕಪ್ಪು ಕೆಸರು, ಅದರ ಕೆಳಗೆ ಹೊಳೆಯುವ ಉಕ್ಕಿನಲ್ಲಿ ಬಟ್ಟಲಿನಂಥ ಕುಳಿ ಇದ್ದರೆ ಬ್ಯಾಕ್ಟೀರಿಯಾದ ಕೆಲಸ ಅಂತ ಅನುಮಾನಿಸಬೇಕು. ಒಳಗೆ ಅಲ್ಯೂಮಿನಿಯಂ ಆನೋಡ್ (ಉಕ್ಕಿನ ಬದಲು ತಾನು ಕರಗುವ ಲೋಹದ ಗಟ್ಟಿ) ಹಾಕಿ ಮುಚ್ಚಳ ಮುಚ್ಚಿದರೆ ಮುಗಿಯಿತು ಅನ್ನುವವರಿದ್ದಾರೆ. ಮುಗಿಯುವುದಿಲ್ಲ. ನಿಂತ ನೀರಿನಲ್ಲಿ ಆನೋಡ್ ಕರಗಿದಷ್ಟೂ ನೀರು ಹುಳಿಯಾಗುತ್ತದೆ, ಹೈಡ್ರೋಜನ್ ಅನಿಲವೂ ಸೇರಿಕೊಳ್ಳುತ್ತದೆ. ಕಡಲ ನೀರಿನ ಪಿಎಚ್ 8ರ ಸುಮಾರು. ಒಳಗಿನದು 5ಕ್ಕೆ ಬಂದಿದ್ದರೆ ನೀರು ಬದಲಾಗುವ ದಾರಿ ಮಾಡಬೇಕು, ಗಾಳಿಯನ್ನೂ ಆಡಿಸಬೇಕು.

ಹೊರಗಿನ ರಕ್ಷಣೆ ಅಳೆಯಲು ಸಿಲ್ವರ್-ಸಿಲ್ವರ್ ಕ್ಲೋರೈಡ್ ಸೆಲ್ಲನ್ನು ನೀರಿಗೆ ಇಳಿಸಿ, ವೋಲ್ಟ್ ಮೀಟರಿನ ಇನ್ನೊಂದು ತಂತಿಯನ್ನು ಉಕ್ಕಿಗೆ ತಾಗಿಸುತ್ತೇವೆ. ಮೈನಸ್ 0.80 ವೋಲ್ಟಿನಿಂದ ಮೈನಸ್ 1.10ರ ನಡುವೆ ಇದ್ದರೆ ಸರಿ. ಮೈನಸ್ 0.65ರ ಆಸುಪಾಸು ಇದ್ದರೆ ಉಕ್ಕು ರಕ್ಷಣೆಯಿಲ್ಲದೆ ತುಕ್ಕು ಹಿಡಿಯುತ್ತಿದೆ. ಅಂಕಿ ಕುಣಿಯುತ್ತಿದ್ದರೆ ತಂತಿ ಬಣ್ಣದ ಮೇಲೆ ಕೂತಿದೆ, ಕೆರೆದು ತಾಗಿಸಿ. ಸೆಲ್ಲೇ ಸರಿಯಿದೆಯಾ ಅಂತ ನೋಡಲು ಎರಡು ಸೆಲ್ಲನ್ನು ಒಂದೇ ಬಕೆಟ್ ಕಡಲ ನೀರಿಗೆ ಹಾಕಿ. ಕೆಲವೇ ಮಿಲಿವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದನ್ನು ಬದಿಗಿಡಿ.

ನನಗೆ ಒಂದು ಸಲ ಟಿಪಿ ಮೇಲೆ ಮೈನಸ್ 1.02 ಬಂತು, ಪೈಲಿನ ಮೇಲೆ ಮೈನಸ್ 0.64. ಆನೋಡ್‌ಗಳು ಟಿಪಿಗೆ ನೇತಾಡುತ್ತಿದ್ದವು, ಹೊಸದರ ಹಾಗೇ ಇದ್ದವು. ಹೊಸದರ ಹಾಗೆ ಇರುವುದೇ ಸುಳಿವು. ಅವು ಕೆಲಸ ಮಾಡಿದ್ದರೆ ಕರಗಿರಬೇಕಿತ್ತು. ಟಿಪಿ ಮತ್ತು ಪೈಲು ಗ್ರೌಟಿನಿಂದ ಬೆಸೆದಿದ್ದರೂ ವಿದ್ಯುತ್ತಿಗೆ ಅವು ಬೇರೆ ಬೇರೆ. ಎರಡನ್ನೂ ಸೇರಿಸುವ ತಾಮ್ರದ ಪಟ್ಟಿ ಬೇಕು. ಅದರ ಒಂದು ಬೋಲ್ಟಿನ ಕೆಳಗೆ ಯಾರೋ ಬಣ್ಣ ಬಳಿದುಬಿಟ್ಟಿದ್ದರು. 0.1 ಓಮಿಗಿಂತ ಕಡಿಮೆ ಇರಬೇಕಾದ ತಡೆ ನೂರಾರು ಓಮ್ ತೋರಿಸುತ್ತಿತ್ತು. ಗ್ರೈಂಡರಿನಲ್ಲಿ ಬಣ್ಣ ತೆಗೆದು ಹೊಸ ಪಟ್ಟಿ ಬಿಗಿದೆವು. ಮರುದಿನ ಪೈಲಿನ ಅಂಕಿ ಮೈನಸ್ 0.74ಕ್ಕೆ ಬಂದು ನಿಂತಿತ್ತು. ಇನ್ನೂ ಮೈನಸ್ 0.80 ಮುಟ್ಟಿಲ್ಲ ಅಂತ ಅವಸರಪಟ್ಟು ಇನ್ನಷ್ಟು ಆನೋಡ್ ಆರ್ಡರ್ ಮಾಡಬೇಡಿ. ಅಷ್ಟು ದೊಡ್ಡ ಬರಿಮೈ ಉಕ್ಕಿನ ಅಂಕಿ ನಿಧಾನವಾಗಿಯೇ ಇಳಿಯುತ್ತದೆ. ಕೆಲವು ವಾರ ಬಿಟ್ಟು, ಅದೇ ಆಳದಲ್ಲಿ, ಅದೇ ಸೆಲ್ಲಿನಿಂದ ಮತ್ತೆ ಅಳೆಯಿರಿ.